ಹಿಂದಿನಿಂದ ಕಾಂಬುದು

ಶುಕ್ರವಾರ ಬೆಳಗ್ಗೆ ಡಿಸ್ಕವರಿ ಗಾರ್ಡನ್ಸಿನಲ್ಲಿ ಎದ್ದಿರುತ್ತಿದ್ದವರು ಪಾರ್ಕಿಂಗಿನ ಬೆಕ್ಕುಗಳು ಮತ್ತು ನಾನು. ಉಳಿದವರೆಲ್ಲ ರಜೆಯ ನಿದ್ದೆಯಲ್ಲಿರುವಾಗ ನಾನು ನೀರುದೋಸೆ ಹಿಟ್ಟಿನ ಬಕೆಟ್ಟುಗಳನ್ನು ಲಿಫ್ಟಿಗೆ ಎಳೆಯುತ್ತಿದ್ದೆ. ಭಾನುವಾರದಿಂದ ಗುರುವಾರದವರೆಗೆ ಶಾಲೆಯೊಂದರ ಆಫೀಸಿನಲ್ಲಿ ಕೂರುವುದು, ಗುರುವಾರ ಸಂಜೆ ಅಕ್ಕಿ ರುಬ್ಬುವುದು, ಶುಕ್ರವಾರ ಕಾವಲಿಯ ಮುಂದೆ ನಿಲ್ಲುವುದು, ಶನಿವಾರ ಪಾತ್ರೆ ತಿಕ್ಕುವುದು. ಆ ಚಳಿಗಾಲಗಳು ಅಂದರೆ ಈಗಲೂ ನನಗೆ ಮೊದಲು ನೆನಪಾಗುವುದು ಆಯಾಸ. ಕಾಲು ನೋಯುವ ಆಯಾಸ ಅಲ್ಲ, ಅದು ಮಲಗಿದರೆ ಹೋಗುತ್ತದೆ. ಇದು ಮಲಗಿದರೂ ಪಕ್ಕದಲ್ಲೇ ಮಲಗಿರುತ್ತಿತ್ತು.

ನಮ್ಮದೊಂದು ತಿಂಡಿಯ ಟ್ರೇಲರ್ ಇತ್ತು. ಪಕ್ಕದ ಕಿಟಕಿ ಎತ್ತಿ ಕಟ್ಟಿ, ಒಳಗೆ ನಿಂತು ನೀರುದೋಸೆ, ಕೋಳಿ ಸುಕ್ಕ, ಬಂಗುಡೆ ಫ್ರೈ ಮಾಡಿ ಕೊಡುವಂಥದ್ದು. ಚಳಿಗಾಲದ ಶುಕ್ರವಾರಗಳಲ್ಲಿ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಸಂತೆಯ ಹಾಗೆ ಒಂದು ಮಾರ್ಕೆಟ್ ನಡೆಯುತ್ತಿತ್ತು, ಅಲ್ಲಿಗೆ ಅದನ್ನು ಎಳೆದುಕೊಂಡು ಹೋಗುವುದು. ಆಸೆ ನನ್ನ ಗಂಡನದು. ಜೆಬೆಲ್ ಅಲಿಯ ಕಂಪನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಅವರದು. ಊರು ಮಲ್ಪೆ, ಮನೆ ಮೀನುಗಾರರದು. ಅಂಥವರಿಗೆ ಸ್ವಂತದ್ದು ಅಂತ ಏನಾದರೊಂದು ಬೇಕೇ ಬೇಕು, ದೋಣಿಯಾಗಲಿ, ಡಬ್ಬಿಯಾಗಲಿ.

ಅವರದು ತುಳು, ನನ್ನದು ಕುಂದಾಪುರದ ಕನ್ನಡ. ನಮ್ಮಲ್ಲಿ ನೋಡುವುದಕ್ಕೆ ಕಾಂಬುದು ಅನ್ನುತ್ತೇವೆ. ಮದುವೆಯಾದ ಹೊಸತರಲ್ಲಿ ನಾನು ಇಲ್ಲಿ ನೋಡಿ ಅನ್ನಲು "ಇಲ್ಲ್ ಕಾಣಿ" ಅಂದರೆ ಸಾಕು, ಅವರು ನಗುತ್ತಿದ್ದರು. "ಎಂತ ಕಾಂಬುದು ಮಾರಾಯ್ತಿ, ನೋಡುದು ಅಂತ ಹೇಳ್ಲಿಕ್ಕೆ ಆಗುದಿಲ್ವಾ?" ನೆಂಟರೆದುರೂ ಅದೇ ತಮಾಷೆ. ಹಾಗಾಗಿ ಮನೆಯಲ್ಲಿ ನಾನು ಮಂಗಳೂರಿನ ಕಡೆಯ ಕನ್ನಡಕ್ಕೆ ಒಗ್ಗಿಕೊಂಡೆ. ಸಿಟ್ಟು ಬಂದಾಗ ಮಾತ್ರ ನನ್ನ ಊರು ಬಾಯಿಗೆ ಬರುತ್ತಿತ್ತು. ಅದು ಆಗಾಗ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಟ್ರೇಲರನ್ನು ಎಳೆಯುವುದು ಒಂದು ಹಳೆಯ ದೊಡ್ಡ ಗಾಡಿ. ಅದರ ಹಿಂದಿನ ಸೀಟುಗಳಲ್ಲಿ, ಮುಂದಿನ ಇನ್ನೊಂದು ಸೀಟಿನಲ್ಲಿ ಕೂಡ, ಪಾತ್ರೆ, ಮಡಚುವ ಮೇಜು, ಕುರ್ಚಿ. ನನಗೆ ಜಾಗವಿಲ್ಲ. ಆದ್ದರಿಂದ ಅವರು ಮುಂದೆ, ನಾನು ನನ್ನ ಸಣ್ಣ ಕಾರಿನಲ್ಲಿ ಹಿಂದೆ. ದುಬೈಯಿಂದ ಅಬುಧಾಬಿಯವರೆಗೆ ಆ ಇಡೀ ದಾರಿ ನನ್ನ ಕಣ್ಣೆದುರಿಗೆ ಇದ್ದದ್ದು ಒಂದೇ ದೃಶ್ಯ: ಬಿಳಿ ಟ್ರೇಲರಿನ ಹಿಂಬದಿ. ಅದು ನೆಟ್ಟಗೆ ಹೋಗುತ್ತಿರಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಣ್ಣಗೆ ಓಲಾಡುತ್ತಿತ್ತು. ಪಕ್ಕದಲ್ಲಿ ಒಂದು ದೊಡ್ಡ ಬಸ್ಸು ಹಾದುಹೋದರೆ ಓಲಾಟ ಜೋರಾಗಿ, ಸ್ವಲ್ಪ ಹೊತ್ತಿನ ಮೇಲೆ ತಣ್ಣಗಾಗುತ್ತಿತ್ತು. ಅಷ್ಟು ಹೊತ್ತು ನಾನು ಉಸಿರು ಬಿಡುತ್ತಿರಲಿಲ್ಲ.

ಅವರ ಫೋನು ಡ್ಯಾಶ್‌ಬೋರ್ಡಿನ ಮೇಲೆ, ನನ್ನದೂ ಹಾಗೆಯೇ, ಸ್ಪೀಕರಿನಲ್ಲಿ. ನಡುನಡುವೆ ಕೇಳುವರು, "ಹೇಗುಂಟು ಬಾಲ?"

"ಅಲ್ಲಾಡ್ತಾ ಉಂಟು."

"ಗಾಳಿ ಅದು. ನಿಂಗೆ ಹಿಂದಿಂದ ಜಾಸ್ತಿ ಕಾಣುದು."

ಮುಂದೆ ಕೂತವರಿಗೆ ಅದು ತಿಳಿಯುವುದಿಲ್ಲ ಎನ್ನುವುದು ನಿಜ. ಸ್ಟಿಯರಿಂಗ್ ಸ್ವಲ್ಪ ಎಳೆದ ಹಾಗೆ ಆಗುತ್ತದೆ, ಅಷ್ಟೆ. ಅವರ ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಂಬಳವಿಲ್ಲದ, ರಜೆಯಿಲ್ಲದ ಕೆಲಸ.

ಇಂಥ ತೊಂದರೆಗೆಂದೇ ಒಂದು ಸಾಮಾನು ಸಿಗುತ್ತದೆ. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಎಂದು ಅದರ ಉದ್ದ ಹೆಸರು. ನಾವು ಅದನ್ನು ಸರಪಳಿ ಎಂದೇ ಕರೆಯುತ್ತಿದ್ದೆವು. ಟ್ರೇಲರಿನ ಮೂತಿ ಗಾಡಿಯ ಹಿಂಬದಿಯ ಮೇಲೆ ಕೂತಾಗ ಗಾಡಿಯ ಹಿಂಭಾಗ ಕುಸಿಯುತ್ತದೆ, ಮುಂದಿನ ಚಕ್ರಗಳು ಹಗುರಾಗುತ್ತವೆ, ಸ್ಟಿಯರಿಂಗಿಗೆ ಹಿಡಿತ ಸಾಲುವುದಿಲ್ಲ. ಈ ಸಾಮಾನಿನಲ್ಲಿ ಎರಡು ಉಕ್ಕಿನ ದಂಡಗಳಿವೆ. ಅವುಗಳ ತುದಿಯ ಸರಪಳಿಯನ್ನು ಬಿಗಿದರೆ ಮೂತಿಯ ಭಾರದಲ್ಲಿ ಒಂದಷ್ಟು ಗಾಡಿಯ ಮುಂದಿನ ಚಕ್ರಗಳಿಗೂ, ಒಂದಷ್ಟು ಟ್ರೇಲರಿನ ಚಕ್ರಗಳಿಗೂ ಹಂಚಿಹೋಗುತ್ತದೆ. ಮಾರಿದವನು ಹೇಳಿದ್ದು ಒಂದೇ ಮಾತು: ಅಲ್ಲಾಡಿದರೆ ಇನ್ನೊಂದು ಕೊಂಡಿ ಬಿಗಿ ಮಾಡಿ. ನನ್ನ ಗಂಡ ಅದನ್ನು ಮಂತ್ರದ ಹಾಗೆ ಹಿಡಿದುಕೊಂಡರು.

ಟ್ರೇಲರ್ ಇಡುತ್ತಿದ್ದದ್ದು ಜೆಬೆಲ್ ಅಲಿಯಲ್ಲಿ, ಭಟ್ಕಳದ ವ್ಯಾಪಾರಿಯೊಬ್ಬರ ಗೋದಾಮಿನ ಅಂಗಳದಲ್ಲಿ. ನಮ್ಮ ಬಂಗುಡೆಯ ಗಿರಾಕಿ ಅವರು, ಒಳ್ಳೆಯ ಮನುಷ್ಯ. ಒಂದು ದಿನ ನನ್ನವರು ಕಬ್ಬಿಣದ ಪೈಪು ಹಾಕಿ ಮೀಟಿ ಸರಪಳಿ ಬಿಗಿದು, ಒಳಗೆ ಮೇಜಿನ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬಂದದ್ದನ್ನು ಅವರಿಗೆ ತೋರಿಸಿದರು. ಅವರು ಬಗ್ಗಿ ನೋಡಿ, "ಮಟ್ಟ ಫಸ್ಟ್ ಕ್ಲಾಸ್ ಆಗಿದೆ ಭಾಯಿ, ಇನ್ನೆಂತ ಬೇಕು?" ಎಂದು ಬೆನ್ನು ತಟ್ಟಿದರು. ಮಟ್ಟ ನನಗೂ ಗೊತ್ತಿದೆ. ನೀರುದೋಸೆಯ ಹಿಟ್ಟು ಹುಯ್ದರೆ ಯಾವ ಕಡೆ ಓಡುತ್ತದೆ ಎಂದು ನೋಡಿದರೆ ಸಾಕು, ಆ ಗುಳ್ಳೆ ಬೇಕಾಗಿಲ್ಲ. ಆದರೆ ನಿಂತಾಗ ಮಟ್ಟವಾಗಿರುವುದು ಬೇರೆ, ಓಡುವಾಗ ನೆಟ್ಟಗಿರುವುದು ಬೇರೆ. ಅದನ್ನು ಹೇಳಿದ್ದರೆ ಇಬ್ಬರು ಗಂಡಸರೂ ನನ್ನನ್ನು ಚಹಾ ಮಾಡಲು ಕಳಿಸುತ್ತಿದ್ದರು. ನಾನು ಹೇಳಲಿಲ್ಲ.

ಜನವರಿಯ ಒಂದು ಶುಕ್ರವಾರ ಮಂಜು ಬಿದ್ದು ಹೊರಡುವುದು ತಡವಾಯಿತು. ದುಬೈ-ಅಬುಧಾಬಿ ಗಡಿಯ ಗಂತೂತ್ ದಾಟಿದ ಮೇಲೆ ಕಾರ್ಮಿಕರ ಬಸ್ಸೊಂದು ನಮ್ಮನ್ನು ಹಿಂದೆ ಹಾಕಿತು. ಟ್ರೇಲರಿನ ಬಾಲ ಒಮ್ಮೆ ಆ ಕಡೆಗೆ ಸೆಳೆಯಿತು, ಆಮೇಲೆ ಈ ಕಡೆಗೆ, ಪ್ರತಿ ಸಲ ಇನ್ನಷ್ಟು ಅಗಲಕ್ಕೆ. ಅವರು ಬ್ರೇಕ್ ಒತ್ತಿದರು, ಒತ್ತಬಾರದಿತ್ತು. ಟ್ರೇಲರ್ ಪಕ್ಕದ ಲೇನಿಗೆ ಅಡ್ಡವಾಗಿ ಹೊರಳಿತು, ಅದರ ಒಂದು ಚಕ್ರ ನೆಲ ಬಿಟ್ಟದ್ದು ನನಗೆ ಕಾಣಿಸಿತು. ಆಗ ನಾನು ಏನು ಕೂಗಿದೆನೋ ಗೊತ್ತಿಲ್ಲ. ಅವರು ಬ್ರೇಕಿನಿಂದ ಕಾಲು ತೆಗೆದರಂತೆ. ಗಾಡಿ ತಾನಾಗಿ ನಿಧಾನವಾಗಿ, ಬಾಲ ಮೆಲ್ಲಗೆ ಸಾಲಿಗೆ ಬಂತು.

ಮುಂದಿನ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದೆವು. ಇಳಿದು ನೋಡಿದರೆ ಅವರ ಅಂಗಿಯ ಬೆನ್ನು ಒದ್ದೆ, ಆ ಚಳಿಯಲ್ಲಿ.

"ಗಾಳಿ," ಅಂದರು.

"ಮಂಜು ಬಿದ್ದ ದಿನ ಗಾಳಿ ಎಲ್ಲಿಂದ ಬಂತು?"

"ಬಸ್ಸಿನ ಗಾಳಿ ಮಾರಾಯ್ತಿ. ನೀನು ಹಿಂದೆ ಕೂತು ಸುಮ್ನೆ ಹೆದರುದು."

ಆಗ ನನ್ನ ಊರು ಬಾಯಿಗೆ ಬಂತು. "ನಿಮ್ಗೆಂತ ಗೊತ್ತಿತ್ತ್? ಹಿಂದಿಂದ ಕಾಂಬುದ್ ನಾನ್ ಅಲ್ದಾ?"

"ಕಾಂಬುದಂತೆ, ಕಾಂಬುದು," ಎಂದು ಅವರು ನಗಲು ನೋಡಿದರು. ನಗು ಬರಲಿಲ್ಲ. ಪೈಪು ತೆಗೆದು ಸರಪಳಿಯನ್ನು ಇನ್ನೊಂದು ಕೊಂಡಿ ಬಿಗಿದರು. ಗಾಡಿಯ ಹಿಂಭಾಗ ಈಗ ಮುಂಭಾಗಕ್ಕಿಂತ ಎತ್ತರಕ್ಕೆ ಎದ್ದು ನಿಂತಿತು. ಹಿಂದಿನ ಚಕ್ರಗಳಿಗೆ ನೆಲ ಕಚ್ಚಲು ಭಾರವೇ ಉಳಿದಿರಲಿಲ್ಲ ಎಂದು ಈಗ ಅರ್ಥವಾಗುತ್ತದೆ. ಆಗ ಅದು ಬರೀ ವಿಚಿತ್ರವಾಗಿ ಕಂಡಿತು.

ಆ ದಿನ ನಾನು ದೋಸೆ ಹೇಗೆ ಹುಯ್ದೆ, ಯಾರಿಗೆ ಏನು ಕೊಟ್ಟೆ, ಒಂದೂ ನೆನಪಿಲ್ಲ. ವಾಪಸು ಬರುವಾಗ ಮಾತ್ರ ಒಂದು ವಿಷಯ ಗಮನಕ್ಕೆ ಬಂತು. ಅದೇ ರಸ್ತೆ, ಬಸ್ಸುಗಳು ಬೆಳಗಿಗಿಂತ ಹೆಚ್ಚು, ಆದರೆ ಬಾಲ ಓಲಾಡುತ್ತಿಲ್ಲ. ಹಿಂದಿನ ಶುಕ್ರವಾರಗಳನ್ನೂ ನೆನಪು ಮಾಡಿಕೊಂಡೆ. ಹೌದು, ಹೋಗುವಾಗಷ್ಟೇ ಅದರ ಕುಣಿತ, ಬರುವಾಗ ಯಾವತ್ತೂ ಇಲ್ಲ. ಹೋಗುವಾಗ ಇದ್ದು ಬರುವಾಗ ಇಲ್ಲದ್ದು ಏನು? ನೀರು. ಟ್ರೇಲರಿನ ತೀರ ಹಿಂದಿನ ಗೋಡೆಗೆ ತಾಗಿ ನೀರಿನ ಟ್ಯಾಂಕು, ಅದರ ಪಕ್ಕ ಬಂಗುಡೆಯ ಐಸ್ ಪೆಟ್ಟಿಗೆ, ಗ್ಯಾಸ್ ಸಿಲಿಂಡರೂ ಅಲ್ಲೇ. ಬರುವಾಗ ಟ್ಯಾಂಕು ಖಾಲಿ, ಮೀನು ಖಾಲಿ, ಐಸ್ ಕರಗಿ ಚರಂಡಿಗೆ. ಬಾಲವನ್ನು ಕುಣಿಸುವ ಭಾರವೆಲ್ಲ ಬಾಲಕ್ಕೇ ಹೇರಿ, ಮೂತಿಯಲ್ಲಿ ಇಲ್ಲದ ಭಾರವನ್ನು ಸರಪಳಿ ಬಿಗಿದು ಹಂಚುತ್ತಾ ಇದ್ದೆವು ನಾವು.

ಟ್ಯಾಂಕು ಅಲ್ಲಿಗೆ ತಾನಾಗಿ ಬಂದದ್ದಲ್ಲ. ಟ್ರೇಲರ್ ಕಟ್ಟಿಸುವಾಗ ಶಾರ್ಜಾದ ವರ್ಕ್‌ಶಾಪಿನಲ್ಲಿ ನನ್ನ ಗಂಡನೇ ನಿಂತು ಅಲ್ಲಿ ಇಡಿಸಿದ್ದು. ಟ್ರೇಲರಿನ ಮೂತಿ ಕೂರುವ, ಗಾಡಿಯ ಹಿಂಬದಿಯ ಉಕ್ಕಿನ ಗುಂಡನ್ನೂ ಒಂದು ತೂತು ಮೇಲಕ್ಕೆ ಹಾಕಿಸಿದ್ದರು, ಮೂತಿ ಎದ್ದಿರಲಿ ಎಂದು. ದೋಣಿಯಲ್ಲಿ ಹಾಗೆ. ಭಾರ ಹಿಂದೆ, ಮೂತಿ ಮೇಲೆ, ತೆರೆ ಬಂದರೆ ಹತ್ತಿ ಇಳಿಯಬೇಕು. ಮರುದಿನ ಪಾತ್ರೆ ತಿಕ್ಕುತ್ತಾ ನಾನು ವಿಷಯ ತೆಗೆದೆ. ಟ್ಯಾಂಕನ್ನು ಮುಂದಕ್ಕೆ ತರುವ, ಚಕ್ರಗಳಿಂದ ಮುಂದೆ, ಎಂದೆ.

"ಮೂತಿಗೆ ಭಾರ ಹಾಕ್ಲಿಕ್ಕಿಲ್ಲ," ಅಂದರು. ಯಾಕೆ ಎಂದು ಹೇಳಬೇಕಾಗಿರಲಿಲ್ಲ.

ಅವರಿಗೊಬ್ಬ ಅಣ್ಣನಿದ್ದ. ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಮಳೆಗಾಲ ಮುಗಿಯುವ ಹೊತ್ತಿಗೆ ಅಳಿವೆಯಲ್ಲಿ, ನದಿ ಸಮುದ್ರಕ್ಕೆ ಸೇರುವ ಆ ಕೆಟ್ಟ ಬಾಗಿಲಲ್ಲಿ, ಒದ್ದೆ ಬಲೆಯನ್ನೆಲ್ಲ ದೋಣಿಯ ಮುಂದೆ ರಾಶಿ ಹಾಕಿಕೊಂಡು ಬರುತ್ತಿದ್ದರಂತೆ. ದೋಣಿ ಮೂತಿ ಊರಿತು, ತೆರೆ ಒಳನುಗ್ಗಿತು. ಜೊತೆಯಲ್ಲಿದ್ದವರು ಈಜಿ ಬಂದರು. ಅಣ್ಣ ಬರಲಿಲ್ಲ. ಆಮೇಲೆ ಮನೆಯವರು ಇವರನ್ನು ದೋಣಿ ಹತ್ತಲು ಬಿಡದೆ ಗಲ್ಫಿಗೆ ಕಳಿಸಿದರು. ನಮ್ಮ ಮದುವೆಯಾದ ಮೇಲೆ ಈ ಕಥೆಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ಬೇರೆ ಕಡೆ ಮುಖ ಮಾಡಿ. ಮೂತಿ ಎದ್ದಿರಬೇಕು ಎನ್ನುವುದು ಅವರಿಗೆ ಲೆಕ್ಕಾಚಾರದ ಮಾತಲ್ಲ. ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಆದರೆ ಆ ಒಂದು ಚಕ್ರ ನೆಲ ಬಿಟ್ಟದ್ದನ್ನು ಕಂಡವಳೂ ನಾನೇ. ವಾರವಿಡೀ ಶಾಲೆಯ ಕಂಪ್ಯೂಟರಿನ ಮುಂದೆ ಕೂತರೂ ಅದೇ, ಮೈಮೇಲೆ ನೀರು ಹುಯ್ದುಕೊಳ್ಳುವಾಗಲೂ ಅದೇ. ಬುಧವಾರದ ಹೊತ್ತಿಗೆ ನಾನು ಸೋತುಹೋಗಿದ್ದೆ. ಊಟಕ್ಕೆ ಕೂತಾಗ ಹೇಳಿದೆ, "ಈ ಶುಕ್ರವಾರ ನಾನು ಬರುದಿಲ್ಲ. ಹಿಟ್ಟು ರುಬ್ಬಿ ಕೊಡ್ತೇನೆ, ಕೋಳಿ ಬೇಯಿಸಿ ಕೊಡ್ತೇನೆ. ಹಿಂದೆ ಬರ್ಲಿಕ್ಕೆ ಮಾತ್ರ ನನ್ನಿಂದ ಆಗುದಿಲ್ಲ."

"ಯಾಕೆ?"

"ನೀವು ಹೋಗುದನ್ನು ಕೂತು ನೋಡ್ಲಿಕ್ಕೆ ನಂಗೆ ಆಗುದಿಲ್ಲ. ಒಂದು ದಿನ ಅದು ನಿಮ್ಮನ್ನು ಕೊಲ್ತದೆ. ನಾನು ಹಿಂದೆ ಇರ್ತೇನೆ, ಎಲ್ಲ ಕಾಣ್ತದೆ, ಕೈಲಿ ಏನೂ ಆಗುದಿಲ್ಲ."

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಮತ್ತೆ ಎಂತ ಮಾಡುವ ಹೇಳು," ಅಂದರು. ಅದು ಒಪ್ಪಿಗೆಯಲ್ಲ, ಸುಸ್ತು. ಇಬ್ಬರಿಗೂ ಒಂದೇ ಸುಸ್ತು ಎಂದು ನನಗೆ ಆವತ್ತು ಗೊತ್ತಾಯಿತು.

"ಒಂದು ಸಲ ನಾನು ಮುಂದೆ ಹೋಗ್ತೇನೆ. ನೀವು ಹಿಂದಿಂದ ಬನ್ನಿ. ಅಷ್ಟೇ ಸಾಕು."

ಮರುದಿನ ಇಬ್ಬರೂ ಅರ್ಧ ದಿನ ರಜೆ ಹಾಕಿದೆವು. ಗೋದಾಮುಗಳ ಹಿಂದೆ ನೆಟ್ಟಗೆ ಹೋಗುವ ರಸ್ತೆಯೊಂದಿತ್ತು, ಇನ್ನೂ ಕಟ್ಟಡ ಬಾರದ ಜಾಗ, ಆ ಹೊತ್ತಿಗೆ ವಾಹನವೇ ಇಲ್ಲ. ಟ್ಯಾಂಕು ತುಂಬಿಸಿದೆವು, ಐಸ್ ಪೆಟ್ಟಿಗೆಗೆ ನೀರಿನ ಬಾಟಲಿಗಳನ್ನು ತುಂಬಿದೆವು, ಶುಕ್ರವಾರ ಇರುವ ಹಾಗೆಯೇ. ನಾನು ದೊಡ್ಡ ಗಾಡಿ ಹತ್ತಿದೆ. ಸ್ಟಿಯರಿಂಗ್ ಹಿಡಿದವಳಿಗೆ ಹಿಂದಿನದು ಕಾಣುವುದಿಲ್ಲ ಎಂಬುದು ಎಷ್ಟು ಸುಖ ಎಂದು ಮೊದಲ ಸಲ ತಿಳಿಯಿತು. ಮೆಲ್ಲಗೆ ವೇಗ ಹೆಚ್ಚಿಸಿದೆ. ಹೆದ್ದಾರಿಯ ವೇಗಕ್ಕೆ ಬರುವ ಮೊದಲೇ ಸ್ಟಿಯರಿಂಗ್ ಕೈಯಲ್ಲಿ ಅತ್ತಿತ್ತ ಜಗ್ಗತೊಡಗಿತು. ಆಕ್ಸಿಲರೇಟರಿನಿಂದ ಕಾಲು ತೆಗೆದೆ, ಬ್ರೇಕ್ ಮುಟ್ಟಲಿಲ್ಲ. ಗಾಡಿ ತಾನಾಗಿ ನಿಧಾನವಾದ ಮೇಲೆ ಬದಿಗೆ ನಿಲ್ಲಿಸಿದೆ.

ಅವರು ಕಾರಿನಿಂದ ಇಳಿಯಲಿಲ್ಲ. ನಾನೇ ನಡೆದು ಹೋದೆ. ನನ್ನ ಸಣ್ಣ ಕಾರಿನ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ನಾನು ಗಾಜು ತಟ್ಟಿದೆ.

"ಇದನ್ನು ನೀನು ಪ್ರತಿ ವಾರ ನೋಡುದಾ?"

"ಹೌದು."

"ಖಲಾಸ್," ಅಂದರು. "ಟ್ಯಾಂಕ್ ಬಿಚ್ಚುವ."

ಬಿಚ್ಚುವುದು ಸುಲಭವಾಗಿರಲಿಲ್ಲ. ಬೋಲ್ಟುಗಳು ತುಕ್ಕು ಹಿಡಿದಿದ್ದವು, ನೀರಿನ ಪೈಪು ಉದ್ದ ಸಾಲಲಿಲ್ಲ, ನನ್ನ ಉಗುರು ಕಿತ್ತುಹೋಯಿತು. ಆ ಶುಕ್ರವಾರದ ಮಾರ್ಕೆಟ್ ಬಿಟ್ಟೆವು. ಟ್ಯಾಂಕು ಮುಂದಿನ ಮೂಲೆಗೆ ಬಂತು, ಐಸ್ ಪೆಟ್ಟಿಗೆ ಚಕ್ರಗಳ ಮೇಲಕ್ಕೆ, ಸಿಲಿಂಡರುಗಳು ಮುಂದಿನ ಗೋಡೆಯ ಹೊರಗೆ, ಅವಕ್ಕೆಂದೇ ಮಾಡಿದ್ದ ಗೂಡಿಗೆ. ಗುಂಡನ್ನು ಒಂದು ತೂತು ಕೆಳಗೆ ಇಳಿಸಿದರು. ಆಮೇಲೆ ಟ್ರೇಲರ್ ಕಳಚಿ, ಗಾಡಿಯೊಂದನ್ನೇ ಸಮನೆಲದಲ್ಲಿ ನಿಲ್ಲಿಸಿ, ನೆಲದಿಂದ ಚಕ್ರದ ಮೇಲಿನ ಕಮಾನಿನವರೆಗೆ ಟೇಪು ಹಿಡಿದು ಅಳತೆ ತೆಗೆದೆವು, ಮುಂದಿನದು, ಹಿಂದಿನದು. ಟ್ರೇಲರ್ ಕೂಡಿಸಿದಾಗ ಗಾಡಿಯ ಮುಂಭಾಗ ಎದ್ದಿತು, ಹಿಂಭಾಗ ಕುಸಿಯಿತು. ಈ ಸಲ ಹಂಚಲಿಕ್ಕೆ ನಿಜವಾಗಿ ಭಾರವಿತ್ತು.

ಸರಪಳಿ ಹಾಕುವ ಮೊದಲು ಜಾಕಿನಿಂದ ಮೂತಿಯನ್ನು ಗಾಡಿಯ ಸಮೇತ ಸ್ವಲ್ಪ ಎತ್ತಬೇಕು, ಇಲ್ಲದಿದ್ದರೆ ಮೀಟುವ ಪೈಪು ಒದೆಯುತ್ತದೆ. ಅವರು ಎತ್ತಿದರು, ನಾನು ಎರಡೂ ಕಡೆಯ ಕೊಂಡಿ ಸಮನಾಗಿವೆಯೇ ಎಂದು ನೋಡಿದೆ. ಜಾಕ್ ಇಳಿಸಿದರು, ನಾನು ಮುಂದಿನ ಚಕ್ರಕ್ಕೆ ಟೇಪು ಹಿಡಿದೆ. ಇನ್ನೂ ಎತ್ತರ. ಮತ್ತೆ ಎತ್ತಿ, ಒಂದು ಕೊಂಡಿ ಬಿಗಿ. ಅಳತೆ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೆ ಬಂತು. ಅವರ ಕೈ ಅಭ್ಯಾಸದಿಂದ ಇನ್ನೊಂದು ಕೊಂಡಿಗೆ ಹೋಯಿತು, "ಸಾಕು" ಎಂದೆ, ಬಿಟ್ಟರು.

ಎಲ್ಲ ಮುಗಿದ ಮೇಲೆ ಅವರು ಟ್ರೇಲರಿನ ಮುಂದೆ ಹೋಗಿ ನಿಂತರು. ಮೂತಿ ಈಗ ಎದ್ದಿರಲಿಲ್ಲ, ಒಂದು ಕೂದಲಿನಷ್ಟು ತಗ್ಗಿಯೇ ಇತ್ತು. ಅದರ ಮೇಲೆ ಕೈ ಇಟ್ಟು, "ಊರಿತು," ಅಂದರು, ತಮಗೆ ತಾವೇ.

"ಇಲ್ಲಿ ತೆರೆ ಇಲ್ಲ," ಎಂದೆ.

"ಗೊತ್ತುಂಟು," ಅಂದರು. ಕೈ ಮಾತ್ರ ತುಂಬ ಹೊತ್ತು ಅಲ್ಲೇ ಇತ್ತು. ನಾನು ಪಾತ್ರೆಗಳನ್ನು ಜೋಡಿಸಲು ಹೋದೆ.

ಮುಂದಿನ ಶುಕ್ರವಾರ ಅದೇ ಲಿಫ್ಟು, ಅದೇ ಬಕೆಟ್ಟು, ಅದೇ ಬೆಕ್ಕುಗಳು. ಅವರು ಮುಂದೆ, ನಾನು ಹಿಂದೆ. ಗಂತೂತ್ ಹತ್ತಿರ ಬಸ್ಸು ಬಂತು, ಒಂದಲ್ಲ, ಸಾಲಾಗಿ. ನಾನು ಉಸಿರು ಹಿಡಿದೆ. ಟ್ರೇಲರ್ ಒಮ್ಮೆ ಮೈ ಕೊಡವಿದ ಹಾಗೆ ಆಗಿ ನೆಟ್ಟಗೆ ಹೋಯಿತು. ಎರಡನೆಯ ಬಸ್ಸಿಗೂ ಹಾಗೆಯೇ. ಬಿಳಿ ಹಿಂಬದಿ ನನ್ನೆದುರು ಗೋಡೆಯ ಹಾಗೆ ನಿಂತೇ ಇತ್ತು. ನನಗೆ ಅಳು ಬಂತು, ಸಂತೋಷಕ್ಕಲ್ಲ, ಇಷ್ಟು ದಿನ ಎಷ್ಟು ದಣಿದಿದ್ದೆ ಎಂದು ಆಗ ಗೊತ್ತಾಗಿ.

ಫೋನಿನಲ್ಲಿ ಅವರ ದನಿ ಬಂತು. "ಹೇಗುಂಟು ಬಾಲ?"

"ನೆಟ್ಟಗೆ ಉಂಟು," ಎಂದೆ, ಮೂಗು ಒರೆಸಿಕೊಂಡು.

ಗಾಡಿಯ ಇಂಜಿನಿನ ಸದ್ದು ಕೇಳುತ್ತಿತ್ತು. ಆಮೇಲೆ ಅವರು ಹೇಳಿದರು, ಇಷ್ಟು ವರ್ಷ ನಗುತ್ತಾ ಬಂದಿದ್ದ ನನ್ನ ಊರಿನ ಮಾತನ್ನೇ ಬಾಯಿಗೆ ತಂದುಕೊಂಡು.

"ಅಣ್ಣನಿಗೆ ಹಿಂದಿಂದ ಕಾಂಬುಕೆ ಯಾರೂ ಇರ್ಲಿಲ್ಲ."

ನಾನು ಫೋನ್ ಇಡಲಿಲ್ಲ. ಅವರೂ ಇಡಲಿಲ್ಲ. ರೀಮ್ ಐಲ್ಯಾಂಡಿನ ಸೇತುವೆ ಬರುವವರೆಗೆ ಹಾಗೆಯೇ ಹೋದೆವು.